ಬೇಕಾದ ಟ್ರಾನ್ಸಿಸ್ಟರ್ ಸಿಗದಿದ್ದಾಗ: ಬದಲಿ ಆರಿಸುವ ಸಮಗ್ರ ಮಾರ್ಗದರ್ಶಿ

ಅಂಗಡಿಯಲ್ಲಿ ಬಿಸಿ547 ಕೇಳುತ್ತೀರಿ. ಅದು ಮುಗಿದಿದೆ, 2ಎನ್3904 ಕೊಡುತ್ತಾರೆ. 'ಎರಡೂ ಒಂದೇ, ಹಾಕಿ ನಡೆಯುತ್ತೆ' ಅನ್ನುತ್ತಾರೆ. ಮಾತು ಸುಳ್ಳಲ್ಲ. ಬಹಳಷ್ಟು ಸರ್ಕ್ಯೂಟ್‌ಗಳಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೆ ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಬೇಸಿಗೆ ಕೊಡುವ ಸಣ್ಣ ಕರೆಂಟ್ ಉಳಿದೆರಡು ಕಾಲುಗಳ ನಡುವಿನ ದೊಡ್ಡ ಕರೆಂಟನ್ನು ನಿಯಂತ್ರಿಸುತ್ತದೆ. ಇದು ಗೊತ್ತಿಲ್ಲದೆ ಹಾಗೇ ಕೂರಿಸಿದರೆ ಅದು ನಡೆಸಬೇಕಾದ ರಿಲೇ (ಕಾಯಿಲಿನಿಂದ ನಡೆಯುವ ಸ್ವಿಚ್) ಎಳೆಯುವುದಿಲ್ಲ. ಇಲ್ಲವೇ ಅರ್ಧಂಬರ್ಧ ಎಳೆದು ನಿಮ್ಮನ್ನು ದಿನವಿಡೀ ಹುಡುಕಿಸುತ್ತದೆ.

ಇಂಟರ್ನೆಟ್ಟಿನಲ್ಲಿ ಸಿಗುವ 'ಈಕ್ವಿವಲೆಂಟ್' ಪಟ್ಟಿಗಳ ತೊಂದರೆಯೂ ಇದೇ. ಅವು ಟ್ರಾನ್ಸಿಸ್ಟರನ್ನು ಟ್ರಾನ್ಸಿಸ್ಟರ್ ಜೊತೆ ಹೋಲಿಸುತ್ತವೆ. ನಿಮ್ಮ ಸರ್ಕ್ಯೂಟ್ ಏನು ಕೇಳುತ್ತಿದೆ ಎಂದು ಅವಕ್ಕೆ ಗೊತ್ತಿಲ್ಲ. ಬದಲಿ ಹುಡುಕುವವರು ಸರ್ಕ್ಯೂಟಿನಿಂದ ಶುರು ಮಾಡಬೇಕು. ಎಷ್ಟು ವೋಲ್ಟ್ ತಡೆಯಬೇಕು, ಎಷ್ಟು ಕರೆಂಟ್ ಹರಿಯುತ್ತದೆ, ಎಷ್ಟು ಬಿಸಿಯಾಗುತ್ತದೆ, ಅದನ್ನು ಯಾರು ಡ್ರೈವ್ ಮಾಡುತ್ತಿದ್ದಾರೆ? ಇಷ್ಟು ಗೊತ್ತಾದರೆ ಪಟ್ಟಿಯೇ ಬೇಕಾಗುವುದಿಲ್ಲ.

1. ಹಳೆಯದು ಯಾಕೆ ಹೋಯಿತು?

ರಿಪೇರಿ ಕೆಲಸವಾದರೆ ಮೊದಲ ಪ್ರಶ್ನೆ ಇದು. ರಿಲೇ ಕಾಯಿಲ್ ಮೇಲಿನ ಡಯೋಡ್ ಒಡೆದಿದ್ದರೆ ಹೊಸ ಟ್ರಾನ್ಸಿಸ್ಟರ್ ಕೂಡ ಬೇಗ ಸಾಯುತ್ತದೆ. ಕಾಯಿಲ್ ಆಫ್ ಆದಾಗ ಅದರಲ್ಲಿದ್ದ ಶಕ್ತಿಗೆ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ನೂರಾರು ವೋಲ್ಟಿನ ಸ್ಪೈಕ್ ಎದ್ದು ಟ್ರಾನ್ಸಿಸ್ಟರನ್ನು ಹೊಡೆಯುತ್ತದೆ. ಸಾಮಾನ್ಯ ರಿಲೇಗೆ 1ಎನ್4007 ಡಯೋಡ್ ಸಾಕು. ಮೋಟಾರನ್ನು ಪಿಡಬ್ಲ್ಯುಎಂನಲ್ಲಿ (ವೇಗವಾಗಿ ಆನ್-ಆಫ್ ಮಾಡುತ್ತಾ) ಓಡಿಸುತ್ತಿದ್ದರೆ ಆ ಡಯೋಡ್ ನಿಧಾನ. ಸಣ್ಣ 12 ವೋಲ್ಟ್ ಮೋಟಾರಿಗೆ 1ಎನ್5819ರಂಥ ಶಾಟ್ಕಿ (ವೇಗದ ಡಯೋಡ್) ಹಾಕಿ. ಅದರ ಮಿತಿ 1 ಆಂಪಿಯರ್, 40 ವೋಲ್ಟ್. ಮೋಟಾರ್ ಅದಕ್ಕಿಂತ ಜಾಸ್ತಿ ಎಳೆದರೆ ದೊಡ್ಡ ಶಾಟ್ಕಿ ಬೇಕು.

ಹೀಟ್‌ಸಿಂಕ್ ಸಡಿಲವಾಗಿದೆಯೇ, ಲೋಡ್ ಶಾರ್ಟ್ ಆಗಿದೆಯೇ, ಬೇಸ್ ರೆಸಿಸ್ಟರ್ ಸುಟ್ಟಿದೆಯೇ ಎಂದೂ ನೋಡಿ. ಮಾಸ್‌ಫೆಟ್ (ಕರೆಂಟಿನ ಬದಲು ವೋಲ್ಟೇಜಿನಿಂದ ನಡೆಯುವ ಟ್ರಾನ್ಸಿಸ್ಟರ್) ಹೋದರೆ ಗೇಟ್ ಎಂಬ ಅದರ ನಿಯಂತ್ರಣದ ಕಾಲಿನ ಮೂಲಕ ಡ್ರೈವರ್ ಐಸಿಯನ್ನೂ ಎಳೆದುಕೊಂಡು ಹೋಗುವುದು ಸಾಮಾನ್ಯ. ಮಾಸ್‌ಫೆಟ್ ಒಂದನ್ನೇ ಬದಲಿಸಿದರೆ ಸಾಲದು.

2. ಮೈಮೇಲಿನ ನಂಬರ್ ಏನು ಹೇಳುತ್ತದೆ?

ನಂಬರಿನ ಮೊದಲ ಅಕ್ಷರಗಳಲ್ಲೇ ಅರ್ಧ ಜಾತಕ ಇರುತ್ತದೆ. ಯುರೋಪಿನ ಪದ್ಧತಿಯಲ್ಲಿ 'ಎ' ಇದ್ದರೆ ಜರ್ಮೇನಿಯಂ, 'ಬಿ' ಇದ್ದರೆ ಸಿಲಿಕಾನ್. ಎರಡನೇ ಅಕ್ಷರ 'ಸಿ' ಆದರೆ ಸಣ್ಣ ಸಿಗ್ನಲ್, 'ಡಿ' ಆದರೆ ಪವರ್, 'ಎಫ್' ಆದರೆ ರೇಡಿಯೋ ತರಂಗ, 'ಯು' ಆದರೆ ಪವರ್ ಸ್ವಿಚಿಂಗ್. ಬಿಸಿ547, ಬಿಡಿ139, ಬಿಯು508 ಇವೆಲ್ಲ ಆ ಮನೆಯವು. ಜಪಾನಿನದರಲ್ಲಿ 2ಎಸ್‌ಎ ಮತ್ತು 2ಎಸ್‌ಬಿ ಪಿಎನ್‌ಪಿ, 2ಎಸ್‌ಸಿ ಮತ್ತು 2ಎಸ್‌ಡಿ ಎನ್‌ಪಿಎನ್ (ಎರಡು ಬಗೆಯಲ್ಲಿ ಕರೆಂಟ್ ಹರಿಯುವ ದಿಕ್ಕು ವಿರುದ್ಧ). 2ಎಸ್‌ಜೆ ಮತ್ತು 2ಎಸ್‌ಕೆ ಪಿ ಮತ್ತು ಎನ್ ಚಾನಲ್ ಫೆಟ್‌ಗಳು (ಮಾಸ್‌ಫೆಟ್ ಇವುಗಳದೇ ಒಂದು ಬಗೆ). ಮೈಮೇಲೆ '2ಎಸ್' ಮುದ್ರಿಸುವುದಿಲ್ಲ. ಹಾಗಾಗಿ ಸಿ945 ಎಂದು ಕಂಡರೆ 2ಎಸ್‌ಸಿ945 ಎಂದು ಹುಡುಕಿ. ಅಮೆರಿಕದ 2ಎನ್ ನಂಬರ್ ಮಾತ್ರ ಏನನ್ನೂ ಹೇಳುವುದಿಲ್ಲ. 2ಎನ್3904 ಎನ್‌ಪಿಎನ್, 2ಎನ್3906 ಪಿಎನ್‌ಪಿ, 2ಎನ್7000 ಮಾಸ್‌ಫೆಟ್. ಡೇಟಾಶೀಟ್ (ಕಂಪನಿ ಕೊಡುವ ಮಾಹಿತಿ ಪತ್ರ) ತೆರೆಯದೆ ದಾರಿ ಇಲ್ಲ.

ನಂಬರಿನ ಬಾಲವನ್ನೂ ಬಿಡಬೇಡಿ. ಬಿಸಿ547ಎ ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರಿನಲ್ಲಿ ಹರಿಯುತ್ತದೆ ಎಂಬುದು) 110ರಿಂದ 220, ಬಿ ಆದರೆ 200ರಿಂದ 450, ಸಿ ಆದರೆ 420ರಿಂದ 800. ಟಿಐಪಿ120 ತಡೆಯುವುದು 60 ವೋಲ್ಟ್, ಟಿಐಪಿ121 80, ಟಿಐಪಿ122 100. ಬಿಯು508ಎ ಒಳಗೆ ಡ್ಯಾಂಪರ್ ಡಯೋಡ್ (ಹಿಮ್ಮುಖ ಕರೆಂಟಿಗೆ ದಾರಿ ಕೊಡುವ ಡಯೋಡ್) ಇಲ್ಲ, ಬಿಯು508ಡಿ ಒಳಗೆ ಇದೆ. ಹಳೆ ಟಿವಿಗಳಲ್ಲಿ ಈ ಒಂದು ಅಕ್ಷರ ತಪ್ಪಿದರೆ ಟಿವಿ ನಡೆಯುವುದಿಲ್ಲ.

3. ಅದು ಸ್ವಿಚ್ಚೋ, ಆಂಪ್ಲಿಫೈಯರೋ?

ಸ್ವಿಚ್ ಆಗಿ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗೆ ಬದಲಿ ಹುಡುಕುವುದು ಸುಲಭ. ಪೂರ್ತಿ ಆನ್ ಅಥವಾ ಪೂರ್ತಿ ಆಫ್, ಅಷ್ಟೇ. ಬಹಳಷ್ಟು ಹವ್ಯಾಸಿ ಪ್ರಾಜೆಕ್ಟ್‌ಗಳು ಇಂಥವೇ: ರಿಲೇ, ಎಲ್‌ಇಡಿ ಪಟ್ಟಿ, ಪಂಪ್, ಬಜರ್.

ಆಂಪ್ಲಿಫೈಯರ್ ಆದರೆ ಗೇನ್, ನಾಯ್ಸ್, ವೇಗ ಎಲ್ಲ ನೋಡಬೇಕು. ಮೈಕ್ ಪ್ರಿ-ಆಂಪ್‌ನಲ್ಲಿ ಬಿಸಿ549 ಅಥವಾ ಬಿಸಿ550 ಇದ್ದರೆ ಅದು ಕಡಿಮೆ ನಾಯ್ಸ್ ಬೇಕೆಂದೇ ಇಟ್ಟದ್ದು. ಲೀನಿಯರ್ ಪವರ್ ಸಪ್ಲೈ, ಆಡಿಯೋ ಔಟ್‌ಪುಟ್‌ಗಳಲ್ಲಿ ಟ್ರಾನ್ಸಿಸ್ಟರ್ ಅರ್ಧ ತೆರೆದ ಸ್ಥಿತಿಯಲ್ಲೇ ಇರುತ್ತದೆ. ಅಲ್ಲಿ ಡೇಟಾಶೀಟಿನ 'ಸೇಫ್ ಆಪರೇಟಿಂಗ್ ಏರಿಯಾ' ಗ್ರಾಫ್ (ಎಷ್ಟು ವೋಲ್ಟಿನಲ್ಲಿ ಎಷ್ಟು ಕರೆಂಟ್ ಸುರಕ್ಷಿತ ಎಂದು ತೋರಿಸುವುದು) ನೋಡಲೇಬೇಕು. 2ಎನ್3055 ಎಂದರೆ 60 ವೋಲ್ಟ್, 15 ಆಂಪಿಯರ್, 115 ವಾಟ್. ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. 115 ವಾಟ್ ಸಿಗುವುದು ಅದರ ಲೋಹದ ಮೈ 25 ಡಿಗ್ರಿಯಲ್ಲಿದ್ದಾಗ. ಮೈ 100 ಡಿಗ್ರಿ ಮುಟ್ಟಿದರೆ ಸುಮಾರು 65 ವಾಟಿಗೆ ಇಳಿಯುತ್ತದೆ. ಇಂಥ ಜಾಗದಲ್ಲಿ ಸ್ವಿಚಿಂಗ್‌ಗೆಂದು ಮಾಡಿದ ಇಂದಿನ ಮಾಸ್‌ಫೆಟ್ ಕೂರಿಸಬೇಡಿ. ಕಾಗದದ ಮೇಲೆ ಎಷ್ಟೇ ಆಂಪಿಯರ್ ಇದ್ದರೂ ಅರ್ಧ ತೆರೆದ ಸ್ಥಿತಿಯಲ್ಲಿ ಅವು ಬೇಗ ಹೋಗುತ್ತವೆ.

4. ವೋಲ್ಟೇಜ್: ಸರಿಯಾದ ಸಾಲು ಓದಿ

ಬೈಪೋಲಾರ್ (ಬೇಸ್ ಇರುವ, ಮಾಸ್‌ಫೆಟ್ ಅಲ್ಲದ) ಟ್ರಾನ್ಸಿಸ್ಟರಿನ ಡೇಟಾಶೀಟಿನಲ್ಲಿ ಎರಡು ದೊಡ್ಡ ವೋಲ್ಟೇಜ್ ಇರುತ್ತವೆ. ವಿಸಿಬಿಒ (ಕಲೆಕ್ಟರ್-ಬೇಸ್ ನಡುವಿನದು) ಎಂಬುದು ದೊಡ್ಡದು, ವಿಸಿಇಒ (ಕಲೆಕ್ಟರ್-ಎಮಿಟರ್ ನಡುವಿನದು) ಚಿಕ್ಕದು. ಮಾರುವವರು ದೊಡ್ಡದನ್ನೇ ಬರೆಯುತ್ತಾರೆ. ನೀವು ನಂಬಬೇಕಾದದ್ದು ವಿಸಿಇಒ. ಉದಾಹರಣೆಗೆ ಎಂಜೆಇ13007ನ್ನು 700 ವೋಲ್ಟಿನದು ಎನ್ನುತ್ತಾರೆ. ಅದರ ವಿಸಿಇಒ 400 ಮಾತ್ರ.

ಸಪ್ಲೈ ವೋಲ್ಟೇಜಿಗಿಂತ ಕನಿಷ್ಠ ಒಂದೂವರೆ ಪಟ್ಟು, ಕಾಯಿಲ್ ಅಥವಾ ಮೋಟಾರ್ ಇದ್ದರೆ ಎರಡು ಪಟ್ಟು ಇಟ್ಟುಕೊಳ್ಳುವುದು ನನ್ನ ಅಭ್ಯಾಸ. 12 ವೋಲ್ಟ್ ರಿಲೇಗೆ 30 ವೋಲ್ಟಿನ ಬಿಸಿ548 ಆಗುತ್ತದೆ. 24 ವೋಲ್ಟಿಗೆ 25 ವೋಲ್ಟಿನ ಎಸ್8050 ಬೇಡ, 65 ವೋಲ್ಟಿನ ಬಿಸಿ546 ಹಾಕಿ.

5. ಕರೆಂಟ್ ಮತ್ತು ಗೇನ್: ಒಂದು ಲೆಕ್ಕ ಮಾಡೋಣ

12 ವೋಲ್ಟ್ ರಿಲೇ, ಕಾಯಿಲ್ ರೆಸಿಸ್ಟೆನ್ಸ್ 400 ಓಮ್. ಕರೆಂಟ್ 30 ಮಿಲಿಆಂಪಿಯರ್. ಬಿಸಿ547ರ ಮಿತಿ 100 ಮಿಲಿಆಂಪಿಯರ್, ಹಾಗಾಗಿ ಆರಾಮ. 2ಎನ್3904ಕ್ಕೆ 200, ಬಿಸಿ337ಕ್ಕೆ ಕಂಪನಿಗೆ ತಕ್ಕಂತೆ 500ರಿಂದ 800. ಯಾವುದನ್ನು ಹಾಕಿದರೂ ನಡೆಯುತ್ತದೆ. ಆದರೆ ಗರಿಷ್ಠ ಕರೆಂಟಿನ ಅರ್ಧಕ್ಕಿಂತ ಮೇಲೆ ಓಡಿಸಬೇಡಿ. ಹತ್ತಿರ ಹೋದಂತೆ ಗೇನ್ ಕುಸಿಯುತ್ತದೆ.

ಇನ್ನು ಬೇಸ್ ಕರೆಂಟ್. ಡೇಟಾಶೀಟಿನಲ್ಲಿ ಗೇನ್ 200 ಎಂದಿದೆ ಎಂದು 30ನ್ನು 200ರಿಂದ ಭಾಗಿಸಬೇಡಿ. ಸ್ವಿಚ್ ಆಗಿ ಬಳಸುವಾಗ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಬೇಕು. ಅದಕ್ಕೆ ಗೇನ್ 10 ಎಂದೇ ಹಿಡಿಯಿರಿ. 30 ಮಿಲಿಆಂಪಿಯರ್‌ಗೆ ಬೇಸಿನಲ್ಲಿ 3. ಆರ್ಡುಯಿನೊ (ಮೈಕ್ರೋಕಂಟ್ರೋಲರ್ ಬೋರ್ಡ್) ಕೊಡುವ 5 ವೋಲ್ಟಿನಿಂದ ಬೇಸಿನ 0.7 ಕಳೆದರೆ 4.3. ಅದನ್ನು 3 ಮಿಲಿಆಂಪಿಯರಿನಿಂದ ಭಾಗಿಸಿದರೆ ಸುಮಾರು 1430 ಓಮ್. 1.2 ಅಥವಾ 1.5 ಕಿಲೋ ಓಮ್ ಹಾಕಿ. ಇಎಸ್‌ಪಿ32 ಬೋರ್ಡ್ ಆದರೆ 3.3 ವೋಲ್ಟ್, ಆಗ 820 ಓಮ್ ಬೇಕು.

ಈ ಲೆಕ್ಕದ ದೊಡ್ಡ ಲಾಭ ಏನು ಗೊತ್ತಾ? ಗೇನ್ 10ಕ್ಕೇ ಡಿಸೈನ್ ಮಾಡಿದ ಸರ್ಕ್ಯೂಟಿನಲ್ಲಿ ಯಾವ ಕಂಪನಿಯ, ಯಾವ ಬಾಲದ ಟ್ರಾನ್ಸಿಸ್ಟರ್ ಹಾಕಿದರೂ ವ್ಯತ್ಯಾಸ ಕಾಣುವುದಿಲ್ಲ. ಬದಲಿಯ ತಲೆನೋವು ಅಲ್ಲಿಗೇ ಮುಗಿಯುತ್ತದೆ.

6. ಬಿಸಿ: ಟಿಐಪಿ122 ಬದಲಿಗೆ ಮತ್ತೊಂದು ಟಿಐಪಿ122 ಬೇಕೇ?

ನಮ್ಮ ಹವ್ಯಾಸಿ ಪ್ರಾಜೆಕ್ಟ್‌ಗಳಲ್ಲಿ ಟಿಐಪಿ122 ಎಲ್ಲೆಲ್ಲೂ ಇದೆ. ಡಾರ್ಲಿಂಗ್ಟನ್ (ಒಂದರ ಹಿಂದೆ ಒಂದು ಜೋಡಿಸಿದ ಎರಡು ಟ್ರಾನ್ಸಿಸ್ಟರ್) ಆದ್ದರಿಂದ ಗೇನ್ ಸಾವಿರಕ್ಕೂ ಮೇಲೆ, ಮೈಕ್ರೋಕಂಟ್ರೋಲರ್ ಪಿನ್ ಸುಲಭವಾಗಿ ಓಡಿಸುತ್ತದೆ. 100 ವೋಲ್ಟ್, 5 ಆಂಪಿಯರ್. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಆನ್ ಆದಾಗ ಅದರ ಮೇಲೆ ಉಳಿಯುವ ವೋಲ್ಟೇಜ್ ನೋಡಿ. 3 ಆಂಪಿಯರಿನಲ್ಲಿ 2 ವೋಲ್ಟ್‌ವರೆಗೆ, 5 ಆಂಪಿಯರಿನಲ್ಲಿ 4 ವೋಲ್ಟ್‌ವರೆಗೆ.

3 ಆಂಪಿಯರ್ ಪಂಪ್ ಎಂದುಕೊಳ್ಳಿ. 2 ವೋಲ್ಟ್ × 3 ಆಂಪಿಯರ್ = 6 ವಾಟ್ ಶಾಖ. ಹೀಟ್‌ಸಿಂಕ್ ಇಲ್ಲದ ಟಿಒ-220 ಪ್ಯಾಕೇಜ್ ಪ್ರತಿ ವಾಟಿಗೆ ಸುಮಾರು 62 ಡಿಗ್ರಿ ಏರುತ್ತದೆ. ಆರು ವಾಟಿಗೆ 370 ಡಿಗ್ರಿ. ಒಳಗಿನ ಚಿಪ್ಪಿನ ಮಿತಿ 150. ಅಂದರೆ ಹೀಟ್‌ಸಿಂಕ್ ಇಲ್ಲದೆ ಅದು ಬದುಕುವುದಿಲ್ಲ. ಇದ್ದರೂ ನಿಮ್ಮ 12 ವೋಲ್ಟ್ ಪಂಪಿಗೆ 10 ವೋಲ್ಟಷ್ಟೇ ತಲುಪುತ್ತದೆ.

ಅದೇ ಜಾಗಕ್ಕೆ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ ಹಾಕಿ. ಗೇಟಿಗೆ 5 ವೋಲ್ಟ್ ಕೊಟ್ಟಾಗ ಅದರ ಆನ್ ರೆಸಿಸ್ಟೆನ್ಸ್ 25 ಮಿಲಿಓಮ್. 3 × 3 × 0.025 = 0.225 ವಾಟ್. ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವುದನ್ನು ಸೇರಿಸಿದರೂ 20 ಡಿಗ್ರಿ ಆಸುಪಾಸು ಮಾತ್ರ ಏರುತ್ತದೆ. ಹೀಟ್‌ಸಿಂಕೇ ಬೇಡ. ಪಂಪಿಗೂ ಪೂರ್ತಿ 12 ವೋಲ್ಟ್.

ಕಾಲುಗಳೂ ಹೊಂದಿಕೊಳ್ಳುತ್ತವೆ. ಟಿಐಪಿ122 ಎಡದಿಂದ ಬೇಸ್, ಕಲೆಕ್ಟರ್, ಎಮಿಟರ್. ಮಾಸ್‌ಫೆಟ್ ಗೇಟ್, ಡ್ರೇನ್, ಸೋರ್ಸ್. ಅದೇ ತೂತುಗಳಿಗೆ ಕೂರುತ್ತದೆ. ಎರಡು ಬದಲಾವಣೆ ಸಾಕು. ಬೇಸ್ ರೆಸಿಸ್ಟರ್ ಜಾಗಕ್ಕೆ 220 ಓಮ್ ಹಾಕಿ. ಗೇಟಿನಿಂದ ಸೋರ್ಸಿಗೆ 10 ಕಿಲೋ ಓಮ್ ಸೇರಿಸಿ. ಅದು ಇಲ್ಲದಿದ್ದರೆ ಬೋರ್ಡ್ ಆನ್ ಆಗುವ ಕ್ಷಣದಲ್ಲಿ ಗೇಟ್ ತೇಲಾಡುತ್ತದೆ, ಪಂಪ್ ತನ್ನಷ್ಟಕ್ಕೇ ಓಡಿಬಿಡಬಹುದು.

ಲೋಡ್ ಡಿಸಿ ಆಗಿದ್ದು ಟ್ರಾನ್ಸಿಸ್ಟರ್ ಗ್ರೌಂಡ್ ಕಡೆ ಇದ್ದರೆ ಡಾರ್ಲಿಂಗ್ಟನ್ನಿಗೆ ಡಾರ್ಲಿಂಗ್ಟನ್ ಹುಡುಕುವುದೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

7. ಮಾಸ್‌ಫೆಟ್: ಗೇಟಿಗೆ ಎಷ್ಟು ವೋಲ್ಟ್ ಸಿಗುತ್ತದೆ?

ಹೆಚ್ಚು ಜನ ಎಡವುವುದು ಇಲ್ಲೇ. ಐಆರ್‌ಎಫ್‌ಝಡ್44ಎನ್ ಮತ್ತು ಐಆರ್‌ಎಲ್‌ಝಡ್44ಎನ್ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಮೊದಲನೆಯದಕ್ಕೆ 17.5 ಮಿಲಿಓಮ್ ಎಂದು ಬರೆದಿರುವುದು ಗೇಟಿಗೆ 10 ವೋಲ್ಟ್ ಕೊಟ್ಟಾಗ. ಆರ್ಡುಯಿನೊ ಕೊಡುವುದು 5. ಡೇಟಾಶೀಟಿನಲ್ಲಿ 'ಥ್ರೆಶೋಲ್ಡ್ 2ರಿಂದ 4 ವೋಲ್ಟ್' ಎಂದು ನೋಡಿ, 5 ಸಾಕಲ್ಲ ಎಂದುಕೊಳ್ಳುತ್ತೇವೆ. ಥ್ರೆಶೋಲ್ಡ್ ಎಂದರೆ ಮಾಸ್‌ಫೆಟ್ ಪೂರ್ತಿ ಆನ್ ಆಗುವ ವೋಲ್ಟೇಜ್ ಅಲ್ಲ. 250 ಮೈಕ್ರೋಆಂಪಿಯರ್, ಅಂದರೆ ಒಂದು ಮಿಲಿಆಂಪಿಯರಿನ ಕಾಲು ಭಾಗ, ಹರಿಯಲು ಶುರುವಾಗುವ ವೋಲ್ಟೇಜ್ ಅಷ್ಟೇ.

ಹಾಗಾಗಿ ಥ್ರೆಶೋಲ್ಡ್ ಸಾಲನ್ನು ಬಿಟ್ಟು ಆನ್ ರೆಸಿಸ್ಟೆನ್ಸ್ ಸಾಲಿಗೆ ಹೋಗಿ. ಯಾವ ಗೇಟ್ ವೋಲ್ಟೇಜಿನಲ್ಲಿ ಅಳೆದಿದ್ದಾರೆ ನೋಡಿ. ನಿಮ್ಮ ಬಳಿ ಇರುವ ವೋಲ್ಟೇಜ್ ಆ ಸಾಲಿನಲ್ಲಿ ಇದ್ದರೆ ಮಾತ್ರ ಆ ಭಾಗ ನಿಮ್ಮದು. ಆರ್ಡುಯಿನೊ ಜೊತೆ ಮಾರುವ ಐಆರ್‌ಎಫ್520 ಮಾಡ್ಯೂಲ್‌ಗಳ ಕಷ್ಟವೂ ಇದೇ. ಆ ಮಾಸ್‌ಫೆಟ್‌ಗೆ 10 ವೋಲ್ಟ್ ಬೇಕು. ಸಣ್ಣ ಎಲ್‌ಇಡಿ ಉರಿಸಬಹುದು, ಮೋಟಾರ್ ಹಾಕಿದರೆ ಕಾಯುತ್ತದೆ.

3.3 ವೋಲ್ಟಿನ ಇಎಸ್‌ಪಿ32ಗೆ ಐಆರ್‌ಎಲ್‌ಝಡ್44ಎನ್ ಕೂಡ ಖಾತರಿ ಕೊಡುವುದಿಲ್ಲ. ಅದರ ಡೇಟಾಶೀಟ್ 4 ವೋಲ್ಟಿಗೇ ನಿಲ್ಲುತ್ತದೆ. 2.5 ವೋಲ್ಟಿನಲ್ಲೂ ಆನ್ ರೆಸಿಸ್ಟೆನ್ಸ್ ನಮೂದಿಸಿರುವ ಎಒ3400 ಒಳ್ಳೆಯ ಆಯ್ಕೆ. 30 ವೋಲ್ಟಿನದು. ಸಾಟ್-23 ಎಂಬ ಪುಟ್ಟ ಪ್ಯಾಕೇಜ್, ಬೆಸುಗೆಗೆ ಸ್ವಲ್ಪ ತಾಳ್ಮೆ ಬೇಕು.

ಇನ್ನೊಂದು ಮಿತಿಯನ್ನೂ ನೆನಪಿಡಿ. ಐಆರ್‌ಎಫ್‌ಝಡ್44ಎನ್ ಗೇಟ್ ಪ್ಲಸ್-ಮೈನಸ್ 20 ವೋಲ್ಟ್ ತಡೆಯುತ್ತದೆ. ಐಆರ್‌ಎಲ್‌ಝಡ್44ಎನ್ ತಡೆಯುವುದು 16 ಮಾತ್ರ. 24 ವೋಲ್ಟ್ ಸಪ್ಲೈಯನ್ನು ನೇರವಾಗಿ ಗೇಟಿಗೆ ಕೊಟ್ಟರೆ ಎರಡೂ ಸಾಯುತ್ತವೆ.

8. ಇನ್ವರ್ಟರ್ ಮತ್ತು ಎಸ್‌ಎಂಪಿಎಸ್

ಮನೆಯ 12 ವೋಲ್ಟ್ ಇನ್ವರ್ಟರಿನಲ್ಲಿ ಮಾಸ್‌ಫೆಟ್‌ಗಳು ಸಾಲಾಗಿ ನಿಂತಿರುತ್ತವೆ. ಟ್ರಾನ್ಸ್‌ಫಾರ್ಮರಿನ ನಡುತಂತಿಗೆ ಬ್ಯಾಟರಿ ಸೇರಿಸಿದ ಡಿಸೈನ್ ಆದರೆ ಪ್ರತಿ ಮಾಸ್‌ಫೆಟ್ ಮೇಲೆ ಬ್ಯಾಟರಿಯ ಎರಡು ಪಟ್ಟು ವೋಲ್ಟೇಜ್ ಬೀಳುತ್ತದೆ. ಚಾರ್ಜ್ ಆಗುವಾಗ 14.4 ಇದ್ದರೆ ಸುಮಾರು 29 ವೋಲ್ಟ್, ಮೇಲೆ ಸ್ಪೈಕ್. ಅದಕ್ಕೇ ಇಲ್ಲಿ 55 ವೋಲ್ಟಿನವು ಇರುತ್ತವೆ.

'ಜಾಸ್ತಿ ವೋಲ್ಟಿನದು ಹಾಕಿದರೆ ಇನ್ನೂ ಸೇಫ್' ಎಂದು 100 ವೋಲ್ಟಿನ ಐಆರ್‌ಎಫ್540ಎನ್ ಹಾಕುವವರಿದ್ದಾರೆ. ಅದರ ರೆಸಿಸ್ಟೆನ್ಸ್ 44 ಮಿಲಿಓಮ್. ಒಂದೊಂದರಲ್ಲಿ 15 ಆಂಪಿಯರ್ ಹರಿದರೆ ಐಆರ್‌ಎಫ್‌ಝಡ್44ಎನ್ ಸುಮಾರು 4 ವಾಟ್ ಸುಡುತ್ತದೆ, ಐಆರ್‌ಎಫ್540ಎನ್ 10 ವಾಟ್. ಹೀಟ್‌ಸಿಂಕ್ ಅದಕ್ಕೆ ತಯಾರಿಲ್ಲ. ವೋಲ್ಟೇಜ್ ಬೇಕಾದಷ್ಟು ಮಾತ್ರ ಇರಲಿ.

ಐಆರ್‌ಎಫ್3205 ಕಡೆ ಹೋದರೆ ರೆಸಿಸ್ಟೆನ್ಸ್ 8 ಮಿಲಿಓಮ್‌ಗೆ ಇಳಿಯುತ್ತದೆ. ಆದರೆ ಗೇಟ್ ಚಾರ್ಜ್ (ಆನ್ ಆಗಲು ಗೇಟಿಗೆ ತುಂಬಬೇಕಾದ ಚಾರ್ಜ್) 63 ನ್ಯಾನೋಕೂಲಂಬಿನಿಂದ 146ಕ್ಕೆ ಏರುತ್ತದೆ. ಹಳೆಯ ಡ್ರೈವರಿಗೆ ಅಷ್ಟು ತಳ್ಳುವ ಶಕ್ತಿ ಇಲ್ಲದಿದ್ದರೆ ಮಾಸ್‌ಫೆಟ್ ನಿಧಾನವಾಗಿ ಆನ್-ಆಫ್ ಆಗಿ ಬಿಸಿಯಾಗುತ್ತದೆ. 50 ಹರ್ಟ್ಸ್ ಇನ್ವರ್ಟರಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಹತ್ತಾರು ಕಿಲೋಹರ್ಟ್ಸಿನ ಕನ್ವರ್ಟರಿನಲ್ಲಿ ಖಂಡಿತ ಕಾಡುತ್ತದೆ. ಸಾಲಿನಲ್ಲಿ ಒಂದು ಹೋದರೂ ಆ ಬದಿಯ ಎಲ್ಲವನ್ನೂ ಒಂದೇ ನಂಬರಿನ, ಒಂದೇ ಕಂಪನಿಯದಕ್ಕೆ ಬದಲಿಸಿ.

230 ವೋಲ್ಟ್ ಎಸಿಯನ್ನು ರೆಕ್ಟಿಫೈ ಮಾಡಿದರೆ 325 ವೋಲ್ಟ್ ಡಿಸಿ. ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಒಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಹಿಡಿದಿರಬಹುದು. ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಇಡಿ. ಅನುಭವ ಇಲ್ಲದವರು ಈ ಭಾಗವನ್ನು ಒಬ್ಬರೇ ಮುಟ್ಟಬೇಡಿ.

9. ಕಾಲುಗಳು

ಬಿಸಿ547 ಬದಲು 2ಎನ್3904 ಹಾಕುವಾಗ 180 ಡಿಗ್ರಿ ತಿರುಗಿಸಿದರೆ ಕಾಲುಗಳು ಸರಿಹೊಂದುತ್ತವೆ. ಸಿ945 ಮತ್ತು ಸಿ1815ರಲ್ಲಿ ಬೇಸ್ ತುದಿಯಲ್ಲಿದೆ, ತಿರುಗಿಸಿದರೆ ಪ್ರಯೋಜನವಿಲ್ಲ. ಕಾಲು ಅಡ್ಡ ಬಗ್ಗಿಸಿ ಸ್ಲೀವ್ ಹಾಕಬೇಕು. ಪಿಎನ್2222ಎ ಮತ್ತು ಪಿ2ಎನ್2222ಎ ಎಂಬ ಎರಡು ಹೆಸರು ನೋಡಿದರೆ ಒಂದೇ ಎನಿಸುತ್ತದೆ, ಕಾಲುಗಳು ಮಾತ್ರ ತದ್ವಿರುದ್ಧ. 2ಎನ್7000 ಮತ್ತು ಬಿಎಸ್170 ಮಾಸ್‌ಫೆಟ್‌ಗಳಲ್ಲೂ ಸೋರ್ಸ್, ಡ್ರೇನ್ ಅದಲುಬದಲು.

ಅನುಮಾನ ಇದ್ದರೆ ಮೀಟರಿನ ಡಯೋಡ್ ಮೋಡ್ ಸಾಕು. ಎನ್‌ಪಿಎನ್ ಆದರೆ ಕೆಂಪು ಪ್ರೋಬ್ ಬೇಸಿನ ಮೇಲಿಟ್ಟಾಗ ಉಳಿದೆರಡು ಕಾಲಿಗೂ 0.6ರಿಂದ 0.7 ತೋರಿಸುತ್ತದೆ. ಎರಡರಲ್ಲಿ ತುಸು ಜಾಸ್ತಿ ತೋರಿಸುವುದು ಎಮಿಟರ್. ಟಿಐಪಿ122ರಂಥ ಡಾರ್ಲಿಂಗ್ಟನ್‌ಗಳ ಒಳಗೆ ರೆಸಿಸ್ಟರ್‌ಗಳು ಇರುತ್ತವೆ. ಅವುಗಳ ರೀಡಿಂಗ್ ವಿಚಿತ್ರವಾಗಿ ಕಂಡರೆ ಸುಮ್ನೆ ಕೆಟ್ಟಿದೆ ಎಂದು ಬಿಸಾಡಬೇಡಿ.

10. ಎಸ್ಎಲ್100 ಮತ್ತು ಹಳೆಯ ರೇಡಿಯೋ

ನಮ್ಮ ಕಾಲೇಜು ಲ್ಯಾಬ್ ಪುಸ್ತಕಗಳಲ್ಲಿ ಎಸ್ಎಲ್100 ಇನ್ನೂ ಇದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುತ್ತುವ ವಿದ್ಯಾರ್ಥಿಗಳ ಚೀಟಿಯಲ್ಲೂ ಅದೇ ಹೆಸರು. ಲೋಹದ ಟೋಪಿಯ ಎನ್‌ಪಿಎನ್, ಟೋಪಿಯ ಕಿವಿಯ ಪಕ್ಕದ್ದು ಎಮಿಟರ್, ಟೋಪಿಗೆ ಕಲೆಕ್ಟರ್ ಸೇರಿರುತ್ತದೆ. ಅದೇ ಆಕಾರದ ಬದಲಿ ಬೇಕಾದರೆ 2ಎನ್2219ಎ. ಆದರೆ 12 ವೋಲ್ಟಿನಲ್ಲಿ ಕೆಲವೇ ಮಿಲಿಆಂಪಿಯರಿನ ಆರ್‌ಸಿ ಕಪಲ್ಡ್ ಆಂಪ್ಲಿಫೈಯರಿಗೆ ಬಿಸಿ547 ಧಾರಾಳ ಸಾಕು. ವೋಲ್ಟೇಜ್ ಡಿವೈಡರ್ ಬಯಾಸ್ (ಬೇಸಿನ ವೋಲ್ಟೇಜನ್ನು ನಿಗದಿ ಮಾಡುವ ಎರಡು ರೆಸಿಸ್ಟರ್) ಮತ್ತು ಎಮಿಟರ್ ರೆಸಿಸ್ಟರ್ ಇರುವುದರಿಂದ ಟ್ರಾನ್ಸಿಸ್ಟರಿನ ಗೇನ್ ಬದಲಾದರೂ ಕಲೆಕ್ಟರ್ ಕರೆಂಟ್ ಅಷ್ಟಾಗಿ ಅಲ್ಲಾಡುವುದಿಲ್ಲ.

ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲದಲ್ಲಿ ಎಸಿ128, ಬಿಸಿ148ರಂಥ ಟ್ರಾನ್ಸಿಸ್ಟರ್‌ಗಳನ್ನು ಮಾಡುತ್ತಿತ್ತು. ಹಳೆಯ ರೇಡಿಯೋಗಳಲ್ಲಿ ಅವು ಈಗಲೂ ಸಿಗುತ್ತವೆ. ಬಿಸಿ148ಕ್ಕೆ ಬಿಸಿ548 ಬದಲಿ, ಕಾಲುಗಳನ್ನು ಮಾತ್ರ ಪರೀಕ್ಷಿಸಿ. ಎಸಿ128 ಜರ್ಮೇನಿಯಂ. ಅದು 0.2ರಿಂದ 0.3 ವೋಲ್ಟಿಗೇ ತೆರೆದುಕೊಳ್ಳುತ್ತದೆ. ಸಿಲಿಕಾನ್ ಹಾಕಿದರೆ ಬಯಾಸ್ ರೆಸಿಸ್ಟರ್‌ಗಳನ್ನೂ ಬದಲಿಸಬೇಕು. ಇಲ್ಲದಿದ್ದರೆ ಶಬ್ದ ಒಡೆಯುತ್ತದೆ.

11. ಕೊಂಡದ್ದು ಅಸಲಿಯೇ?

ಪವರ್ ಭಾಗಗಳಲ್ಲಿ ನಕಲಿ ಬಹಳ. ಚಿಕ್ಕ ಚಿಪ್ಪಿನ ಮೇಲೆ ದೊಡ್ಡ ನಂಬರ್ ಮುದ್ರಿಸುತ್ತಾರೆ. ಅಗ್ಗದ ಮೀಟರಿನ ಗೇನ್ ಟೆಸ್ಟ್ ತುಂಬಾ ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ, ನಕಲಿಯೂ ಪಾಸಾಗುತ್ತದೆ. ಮಾಸ್‌ಫೆಟ್ ಆದರೆ ಹೀಗೆ ನೋಡಿ. ಗೇಟ್ ಮತ್ತು ಸೋರ್ಸ್ ನಡುವೆ 10 ವೋಲ್ಟ್ ಕೊಡಿ. ಡ್ರೇನಿನಿಂದ ಸೋರ್ಸಿಗೆ 1 ಆಂಪಿಯರ್ ಹರಿಸಿ. ಕಾಲುಗಳ ಬುಡದಲ್ಲೇ ಪ್ರೋಬ್ ಇಟ್ಟು ಮಿಲಿವೋಲ್ಟ್ ಅಳೆಯಿರಿ. 1 ಆಂಪಿಯರಿನಲ್ಲಿ ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಓಮ್. ಐಆರ್‌ಎಫ್3205 ಎಂದು ಕೊಂಡದ್ದು 8ರ ಆಸುಪಾಸು ಇರಬೇಕು. 25 ತೋರಿಸಿದರೆ ಅದು ಐಆರ್‌ಎಫ್3205 ಅಲ್ಲ, ವಾಪಸ್ ಕೊಡಿ.

12. ಮೊದಲ ಸಲ ಪವರ್ ಕೊಡುವಾಗ

ಕರೆಂಟ್ ಮಿತಿ ಇರುವ ಪವರ್ ಸಪ್ಲೈ ಇದ್ದರೆ ಬೇಕಾದ ಕರೆಂಟಿಗಿಂತ ಸ್ವಲ್ಪ ಮೇಲೆ ಮಿತಿ ಇಡಿ. ಇಲ್ಲದಿದ್ದರೆ 12 ವೋಲ್ಟ್ ಲೈನಿನಲ್ಲಿ ಕಾರಿನ 21 ವಾಟ್ ಬಲ್ಬನ್ನು ಸೀರೀಸ್ ಆಗಿ ಹಾಕಿ. ಮೇನ್ಸ್ ಉಪಕರಣಕ್ಕೆ 60 ವಾಟಿನ ಹಳೆಯ ಫಿಲಮೆಂಟ್ ಬಲ್ಬ್. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ.

ಲೋಡ್ ಆನ್ ಇರುವಾಗ ಕಲೆಕ್ಟರ್-ಎಮಿಟರ್ ನಡುವೆ ವೋಲ್ಟೇಜ್ ಅಳೆಯಿರಿ. ಸಣ್ಣ ಬೈಪೋಲಾರ್ ಸ್ವಿಚ್ಚಿನಲ್ಲಿ 0.2 ವೋಲ್ಟ್ ಹತ್ತಿರ ಇದ್ದರೆ ಚೆನ್ನ. ಒಂದು ವೋಲ್ಟ್ ಮೀರಿದರೆ ಬೇಸಿಗೆ ಕರೆಂಟ್ ಸಾಲುತ್ತಿಲ್ಲ, ಅಥವಾ ಕಾಲು ಅದಲುಬದಲಾಗಿದೆ. ಹತ್ತು ನಿಮಿಷ ಪೂರ್ತಿ ಲೋಡಿನಲ್ಲಿ ಓಡಿಸಿ. ಮೇನ್ಸ್ ಉಪಕರಣವಾದರೆ ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿಯಾದ ಮೇಲೆ ಬಿಸಿ ನೋಡಿ. ಕಡಿಮೆ ವೋಲ್ಟಿನದಾದರೂ ಪವರ್ ತೆಗೆದೇ ಬೆರಳು ತಾಗಿಸಿ. ಒಂದು ಕ್ಷಣವೂ ಇಟ್ಟುಕೊಳ್ಳಲಾಗದಷ್ಟು ಬಿಸಿ ಇದ್ದರೆ ಆರನೇ ಹಂತದ ಲೆಕ್ಕಕ್ಕೆ ವಾಪಸ್ ಹೋಗಿ.

ಕೊನೆಗೆ ಹಾಕಿದ ಬದಲಿಯ ನಂಬರನ್ನು, ಕಾಲು ತಿರುಗಿಸಿದ್ದರೆ ಅದನ್ನೂ, ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಡಬ್ಬಿಯಲ್ಲಿ ಬಿಸಿ547, ಬಿಸಿ557, ಬಿಸಿ337, ಬಿಡಿ139, ಐಆರ್‌ಎಲ್‌ಝಡ್44ಎನ್ ಒಂದಷ್ಟು ಇಟ್ಟುಕೊಳ್ಳಿ. ಸ್ವಿಚಿಂಗ್ ಕೆಲಸದ ಬಹುಪಾಲು ಬದಲಿಗಳಿಗೆ ಈ ಐದು ಸಾಕು.